ಇಪ್ಪತ್ತಾರು ವರ್ಷ ಸೋತ ಟೀಮು

ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಊರಲ್ಲಿರೋ ಕ್ಯಾಲ್‌ಟೆಕ್ ಯೂನಿವರ್ಸಿಟಿ ಹೆಸರು ಕೇಳದವರು ನಮ್ಮಲ್ಲಿ ಕಮ್ಮಿ. ಪಿಯುಸಿಲಿ ಸೈನ್ಸ್ ತಗೊಂಡು ಫಿಸಿಕ್ಸ್ ಹುಚ್ಚು ಹತ್ತಿಸ್ಕೊಂಡವರಿಗೆ ಫೈನ್‌ಮನ್ ಅಂದ ಕೂಡ್ಲೆ ನೆನಪಾಗೋದು ಅದೇ, ಇಸ್ರೋ ಅಧ್ಯಕ್ಷರಾಗಿದ್ದ ಸತೀಶ್ ಧವನ್ ಪಿಎಚ್‌ಡಿ ಮಾಡಿದ್ದೂ ಅಲ್ಲೇ, ನೊಬೆಲ್ ಬಂದವರ ಪಟ್ಟಿಯಂತೂ ಕೇಳೋದೇ ಬೇಡ. ಇಂಥ ಕ್ಯಾಲ್‌ಟೆಕ್‌ನ ಹುಡುಗರ ಬಾಸ್ಕೆಟ್‌ಬಾಲ್ ಟೀಮು 1985ರಲ್ಲಿ ತನ್ನ ಲೀಗ್‌ನ ಒಂದು ಮ್ಯಾಚ್ ಗೆದ್ದಿತ್ತು, ಅದಾದ್ಮೇಲೆ 2011ರ ಫೆಬ್ರವರಿ ತನಕ ಆ ಲೀಗ್‌ನಲ್ಲಿ ಇನ್ನೊಂದು ಮ್ಯಾಚ್ ಗೆಲ್ಲಲೇ ಇಲ್ಲ. ಸಾಲಾಗಿ 310 ಸೋಲು. ಸೋಲಿನ ಸಾಲು ಶುರುವಾದಾಗ ಇನ್ನೂ ಹುಟ್ಟೇ ಇರದಿದ್ದ ಹುಡುಗರು ದೊಡ್ಡವರಾಗಿ, ಅದೇ ಕಾಲೇಜು ಸೇರಿ, ಅದೇ ಕಿತ್ತಳೆ ಬಣ್ಣದ ಜರ್ಸಿ ಹಾಕ್ಕೊಂಡು ಅದೇ ಸೋಲನ್ನ ಮುಂದುವರ್ಸ್ತಾ ಇದ್ರು.

ನಂಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ಸೋತ ಲೆಕ್ಕ ನೋಡಿ ಅಲ್ಲ. 310 ಮ್ಯಾಚ್ ಸೋತ ಮೇಲೂ ಟೀಮನ್ನ ಯಾಕೆ ಮುಚ್ಚಲಿಲ್ಲ ಅನ್ನೋದು ತಲೆಗೆ ಹತ್ಕೊಳ್ತು. ನಮ್ಮ ಕಡೆ ಆಗಿದ್ರೆ ಮೂರನೇ ವರ್ಷಕ್ಕೇ ಪ್ರಿನ್ಸಿಪಾಲ್ರು "ಏನ್ರೀ ಇದು, ದುಡ್ಡು ದಂಡ" ಅಂತ ಫೈಲ್ ಕ್ಲೋಸ್ ಮಾಡ್ತಿದ್ರು.

ನಾವಿರೋದು ಪ್ಯಾಸಡೀನಾದಿಂದ ಅರ್ಧ ಗಂಟೆ ದೂರದಲ್ಲಿ, ಅದೂ ಫ್ರೀವೇಲಿ ಟ್ರಾಫಿಕ್ ಇಲ್ದಿದ್ರೆ. ಮಗಳು ಹೈಸ್ಕೂಲ್‌ನ ಕೊನೆ ಹಂತದಲ್ಲಿದಾಳೆ, ಕ್ರಾಸ್ ಕಂಟ್ರಿ ಓಡ್ತಾಳೆ. ಓಡ್ತಾಳೆ ಅಂದ್ರೆ ಓಡ್ತಾಳೆ ಅಷ್ಟೇ, ಮೆಡಲ್ ಗಿಡಲ್ ಏನೂ ಇಲ್ಲ, ಗುಂಪಿನ ನಡುವೆ ಎಲ್ಲೋ ಬರ್ತಾಳೆ, ಒಮ್ಮೊಮ್ಮೆ ನಡುವಿಗಿಂತ ಹಿಂದೆ. ಆದ್ರೆ ಬೆಳಗ್ಗೆ ಐದೂವರೆಗೆ ಎದ್ದು ಶೂ ಕಟ್ಟೋದು ತಪ್ಪಿಸಲ್ಲ. ಕಾಲೇಜಿಗೆ ಹೋದ್ಮೇಲೂ ಓಡ್ಬೋದಾ ಅಂತ ಅವಳು ಕೇಳಿದ ಪ್ರಶ್ನೆ ಹಿಡ್ಕೊಂಡೇ ನಾನು ಇಲ್ಲಿನ ಚಿಕ್ಕ ಯೂನಿವರ್ಸಿಟಿಗಳ ಆಟದ ವ್ಯವಸ್ಥೆ ಕೆದಕೋಕೆ ಶುರು ಮಾಡಿದ್ದು, ಮನೆ ಹತ್ರ ಇರೋದ್ರಿಂದ ಮೊದಲು ಸಿಕ್ಕಿದ್ದು ಕ್ಯಾಲ್‌ಟೆಕ್. ಅವಳಿಗೆ ಅಲ್ಲಿ ಸೀಟ್ ಸಿಗುತ್ತೆ ಅಂತೇನೂ ಅಲ್ಲ, ಅವಳ ಕಣ್ಣು ಬೇರೆ ಕಡೆ ಇದೆ. ಕುತೂಹಲ ಮಾತ್ರ ನಂದು.

ಮೊದಲು ಈ ವಾರ್ಸಿಟಿ, ಕ್ಲಬ್ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇಲ್ಲಿಗೆ ಬಂದು ವರ್ಷಗಳಾದ್ರೂ ನಂಗೇ ಸರಿಯಾಗಿ ಗೊತ್ತಿರ್ಲಿಲ್ಲ. ವಾರ್ಸಿಟಿ ಅಂದ್ರೆ ಯೂನಿವರ್ಸಿಟಿಯ ಅಧಿಕೃತ ಟೀಮು. ಸಂಬಳದ ಕೋಚ್ ಇರ್ತಾರೆ, ಕಾಲು ಉಳುಕಿದ್ರೆ ಪಟ್ಟಿ ಕಟ್ಟೋಕೆ ಟ್ರೇನರ್ ಇರ್ತಾರೆ, ಬೇರೆ ಊರಿಗೆ ಮ್ಯಾಚ್‌ಗೆ ಹೋಗೋಕೆ ಬಸ್ಸು, ಜರ್ಸಿ ಎಲ್ಲಾ ಯೂನಿವರ್ಸಿಟಿ ಖರ್ಚು. ಬದಲಿಗೆ ಎನ್‌ಸಿಎಎ ಅನ್ನೋ ದೊಡ್ಡ ಸಂಸ್ಥೆಯ ರೂಲ್ಸ್‌ಗೆ ತಲೆ ಬಾಗಿಸ್ಬೇಕು, ಇಷ್ಟು ಕೋರ್ಸ್ ಓದ್ತಿರ್ಬೇಕು, ಇಷ್ಟು ಗ್ರೇಡ್ ಇರ್ಬೇಕು, ಇಂಥ ತಾರೀಖಿನ ಮುಂಚೆ ಪ್ರಾಕ್ಟೀಸ್ ಮಾಡಂಗಿಲ್ಲ, ಹಿಂಗೆ. ಕ್ಲಬ್ ಅಂದ್ರೆ ವಿದ್ಯಾರ್ಥಿಗಳೇ ಕಟ್ಕೊಂಡು ನಡ್ಸೋ ಟೀಮು. ತಾವೇ ಚಂದಾ ಹಾಕ್ಬೇಕು, ತಾವೇ ಗ್ರೌಂಡ್ ಬುಕ್ ಮಾಡ್ಬೇಕು, ಸೀನಿಯರ್ ಒಬ್ಬನೇ ಕ್ಯಾಪ್ಟನ್ನು, ಕೋಚು, ಖಜಾಂಚಿ ಮೂರೂ ಆಗಿರ್ತಾನೆ. ಬೇರೆ ಕಾಲೇಜಿನ ಮೇಲೆ ಆಡ್ತಾರೆ, ಆದ್ರೆ ಹೋಗೋದು ಯಾರದ್ದೋ ಹಳೇ ಕಾರಲ್ಲಿ. ಇದಕ್ಕೂ ಕೆಳಗೆ ಕ್ಯಾಂಪಸ್ ಒಳಗೇ ಹಾಸ್ಟೆಲ್ ಹಾಸ್ಟೆಲ್ ನಡುವೆ ಆಡೋದು ಇನ್ನೊಂದಿದೆ, ಅದು ನಮ್ಮ ಇಂಟರ್ ಕ್ಲಾಸ್ ಮ್ಯಾಚ್ ಇದ್ದಂಗೆ.

ವಾರ್ಸಿಟಿಲೂ ಮೂರು ಡಿವಿಷನ್. ಟಿವಿಲಿ ಬರೋದೆಲ್ಲ ಡಿವಿಷನ್ ಒನ್, ಅಲ್ಲಿರೋದು ದುಡ್ಡಿನ ಸಾಮ್ರಾಜ್ಯ. 2025ರ ಕೋರ್ಟ್ ಒಪ್ಪಂದ ಆದ್ಮೇಲಂತೂ ಒಂದೊಂದು ಯೂನಿವರ್ಸಿಟಿ ತನ್ನ ಆಟಗಾರರಿಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ತನಕ ನೇರವಾಗಿ ಹಂಚ್ಬೋದು. ಡಿವಿಷನ್ ತ್ರೀ ಇದಕ್ಕೆ ಪೂರ್ತಿ ಉಲ್ಟಾ. 1973ರಲ್ಲಿ ಶುರುವಾದ ಈ ಡಿವಿಷನ್‌ನಲ್ಲಿ ಆಟಕ್ಕೆ ಅಂತ ಒಂದು ಪೈಸೆ ಸ್ಕಾಲರ್‌ಶಿಪ್ ಕೊಡಂಗಿಲ್ಲ. ಆಡಿದ್ರೆ ಆಡು, ಬಿಟ್ರೆ ಬಿಡು, ಫೀಸಲ್ಲಿ ವ್ಯತ್ಯಾಸ ಇಲ್ಲ. ವಿಚಿತ್ರ ಅಂದ್ರೆ ಮೂರರಲ್ಲಿ ಅತೀ ದೊಡ್ಡದು ಇದೇ, ನಾನೂರಕ್ಕೂ ಜಾಸ್ತಿ ಕಾಲೇಜುಗಳಿವೆ, ಟಿವಿಲಿ ಕಾಣಲ್ಲ ಅಷ್ಟೇ. ಕ್ಯಾಲ್‌ಟೆಕ್ ಇರೋದು ಈ ಲೋಕದಲ್ಲಿ. ಅದರ ಲೀಗ್ ಹೆಸರು ಎಸ್‌ಸಿಐಎಸಿ, 1915ರದ್ದು. ಆಗ ಕ್ಯಾಲ್‌ಟೆಕ್‌ಗೆ ಆ ಹೆಸರೇ ಇರ್ಲಿಲ್ಲ, ತ್ರೂಪ್ ಕಾಲೇಜ್ ಅಂತಿತ್ತು, ಲೀಗ್ ಕಟ್ಟಿದ ಐದು ಕಾಲೇಜುಗಳಲ್ಲಿ ಅದೂ ಒಂದು. ಎದುರಾಳಿಗಳೆಲ್ಲ ಇಲ್ಲೇ ಸುತ್ತಮುತ್ತ, ಪೊಮೋನಾ, ವಿಟ್ಟಿಯರ್, ರೆಡ್‌ಲ್ಯಾಂಡ್ಸ್, ಆಕ್ಸಿಡೆಂಟಲ್, ಲಾ ವರ್ನ್. ಸಂಜೆ ಹೋಗಿ ಸೋತು ರಾತ್ರಿ ಬಂದು ಹೋಮ್‌ವರ್ಕ್‌ಗೆ ಕೂರೋ ಅಷ್ಟು ಹತ್ರ.

ಇದಕ್ಕೆ ಅಂಡರ್‌ಗ್ರಾಜುಯೇಟ್ ಲೆಕ್ಕ ಸೇರ್ಸಿ ನೋಡಿ. ಕ್ಯಾಲ್‌ಟೆಕ್‌ನಲ್ಲಿ ಬಿಎಸ್, ಅಂದ್ರೆ ಡಿಗ್ರಿ, ಓದೋ ಮಕ್ಕಳು ಎಲ್ಲಾ ನಾಲ್ಕು ವರ್ಷ ಸೇರಿ ಸುಮಾರು ಒಂದು ಸಾವಿರ. ದಾವಣಗೆರೆಲಿ ಒಂದು ಪಿಯು ಕಾಲೇಜಿನ ಫಸ್ಟ್ ಇಯರ್‌ನಲ್ಲೇ ಅದಕ್ಕಿಂತ ಜಾಸ್ತಿ ಇರ್ತಾರೆ! ಆ ಸಾವಿರದಲ್ಲಿ ಬಾಸ್ಕೆಟ್‌ಬಾಲು, ಬೇಸ್‌ಬಾಲು, ಸಾಕರ್ರು, ವಾಲಿಬಾಲು, ವಾಟರ್ ಪೋಲೊ, ಟೆನಿಸ್ಸು, ಈಜು, ಓಟ ಅಂತ ಹುಡುಗರ ಟೀಮುಗಳನ್ನೂ ಹುಡುಗೀರ ಟೀಮುಗಳನ್ನೂ ತುಂಬಿಸ್ಬೇಕು. 1970ರ ತನಕ ಬಿಎಸ್‌ಗೆ ಹುಡುಗೀರನ್ನ ಸೇರಿಸ್ಕೊಳ್ತಾನೇ ಇರ್ಲಿಲ್ಲ. ಸಾಲದ್ದಕ್ಕೆ ಅಲ್ಲಿಗೆ ಸೇರೋರೆಲ್ಲ ಮ್ಯಾಥ್ಸ್ ಒಲಿಂಪಿಯಾಡು, ಸೈನ್ಸ್ ಫೇರು ಅಂತ ಬೆಳೆದವರು, ಜೊತೆಗೆ ಕೋಚ್ ಹೇಳಿದ ಅಂತ ಅಡ್ಮಿಷನ್ ಆಫೀಸ್ ಬಗ್ಗೋ ಜಾಗ ಅಲ್ಲ ಅದು. ಮತ್ತೆ ಟೀಮು ಎಲ್ಲಿಂದ ಆಗ್ಬೇಕು? ಬಂದೋರನ್ನ ತಗೊಳ್ಳೋದು. ಅಷ್ಟೇ ದಾರಿ.

ಹಂಗೇ ನಡೀತು ದಶಕಗಟ್ಲೆ. ಹೈಸ್ಕೂಲಲ್ಲಿ ಬಾಸ್ಕೆಟ್‌ಬಾಲ್ ಟೀಮಿಗೆ ಸೆಲೆಕ್ಟೇ ಆಗದವನು ಇಲ್ಲಿ ವಾರ್ಸಿಟಿ ಆಟಗಾರ. 2000ದ ದಶಕದಲ್ಲಿ ಕೋಚ್ ಆಗಿದ್ದ ರಾಯ್ ಡೌ ಕಾಲದಲ್ಲಿ ಟೀಮಿನ ಬಗ್ಗೆ ಒಂದು ಮಾತು ಓಡಾಡ್ತಿತ್ತು, ಹೈಸ್ಕೂಲಲ್ಲಿ ಬಾಸ್ಕೆಟ್‌ಬಾಲ್ ಆಡಿದವರಿಗಿಂತ ಹೈಸ್ಕೂಲಿಗೇ ಫಸ್ಟ್ ಬಂದವರೇ ಟೀಮಲ್ಲಿ ಜಾಸ್ತಿ ಅಂತ. ಮೂವತ್ತು, ನಲವತ್ತು, ಕೆಲವು ಸಲ ಅರವತ್ತು ಪಾಯಿಂಟ್ ಅಂತರದ ಸೋಲು. ಲೀಗ್ ಹೊರಗಿನ ಮ್ಯಾಚುಗಳನ್ನ ಸೇರ್ಸಿದ್ರೂ ಇದೇ ಕಥೆ, ಒಟ್ಟು ಡಿವಿಷನ್ ತ್ರೀ ಟೀಮುಗಳ ಮೇಲೆ 1996ರಿಂದ ಸಾಲಾಗಿ 207 ಸೋಲು. ಅದು ಮುರಿದಿದ್ದು 2007ರ ಜನವರಿಲಿ, ನ್ಯೂಯಾರ್ಕ್ ಕಡೆಯ ಬಾರ್ಡ್ ಕಾಲೇಜ್ ಮೇಲೆ 81-52. ಗೆದ್ದಿದ್ದೂ ಏನು ಕಮ್ಮಿ ಅಂತರದಲ್ಲಲ್ಲ ನೋಡಿ, ಅಷ್ಟು ವರ್ಷದ ಬಡ್ಡಿ ಸಮೇತ!

ಬಾಸ್ಕೆಟ್‌ಬಾಲ್ ಒಂದನ್ನೇ ದೂರೋದು ತಪ್ಪಾಗುತ್ತೆ. ಬೇಸ್‌ಬಾಲ್ ಟೀಮು 2003ರಿಂದ 2013ರ ತನಕ 228 ಮ್ಯಾಚ್ ಸಾಲಾಗಿ ಸೋತಿತ್ತು.

ಫುಟ್ಬಾಲ್ ಕಥೆ ಇನ್ನೂ ಚೆನ್ನಾಗಿದೆ, ಇಲ್ಲಿ ಫುಟ್ಬಾಲ್ ಅಂದ್ರೆ ಹೆಲ್ಮೆಟ್ ಹಾಕ್ಕೊಂಡು ಡಿಕ್ಕಿ ಹೊಡ್ಕೊಳ್ಳೋ ಆಟ. ಕ್ಯಾಲ್‌ಟೆಕ್ ಫುಟ್ಬಾಲ್ ಟೀಮಿನ ಹೋಂ ಗ್ರೌಂಡು ಬಹಳ ವರ್ಷ ಯಾವುದಿತ್ತು ಗೊತ್ತಾ, ರೋಸ್ ಬೌಲ್. ಹೌದು, ಹೊಸ ವರ್ಷದ ದಿನ ಇಡೀ ಅಮೆರಿಕ ನೋಡೋ ಮ್ಯಾಚ್ ನಡೆಯೋ ಅದೇ ಸ್ಟೇಡಿಯಂ, ಅದಿರೋದು ಪ್ಯಾಸಡೀನಾದಲ್ಲೇ. ಲಕ್ಷದ ಹತ್ತಿರ ಜನ ಹಿಡಿಯೋ ಜಾಗದಲ್ಲಿ ಕ್ಯಾಲ್‌ಟೆಕ್ ಮ್ಯಾಚ್‌ಗೆ ಬರ್ತಿದ್ದವರು ಗರ್ಲ್‌ಫ್ರೆಂಡ್‌ಗಳು, ಅಪ್ಪ ಅಮ್ಮಂದಿರು, ಎರಡು ಮೂರು ಪ್ರೊಫೆಸರ್‌ಗಳು. ಆಮೇಲಾಮೇಲೆ ಆ ಟೀಮು ಸೊರಗಿ 1993ಕ್ಕೆ ನಿಂತೇ ಹೋಯ್ತು. ಆದ್ರೆ ರೋಸ್ ಬೌಲ್‌ನಲ್ಲಿ ಕ್ಯಾಲ್‌ಟೆಕ್ ಮಾಡಿದ ನಿಜವಾದ ಸಾಧನೆ ಆಟದ್ದಲ್ಲ, ಕಿತಾಪತಿದು. 1961ರಲ್ಲಿ ವಾಷಿಂಗ್ಟನ್ ಮತ್ತು ಮಿನೆಸೋಟ ಆಡ್ತಿರ್ಬೇಕಾದ್ರೆ ವಾಷಿಂಗ್ಟನ್ ಅಭಿಮಾನಿಗಳು ಬಣ್ಣದ ಕಾರ್ಡ್ ಎತ್ತಿ ಚಿತ್ರ ಮೂಡ್ಸೋ ಕಾರ್ಯಕ್ರಮ ಇತ್ತು. ಕ್ಯಾಲ್‌ಟೆಕ್‌ನ ಹದಿನಾಲ್ಕು ಹುಡುಗರು ಆ ಕಾರ್ಡ್‌ಗಳ ಸೂಚನೆ ಹಾಳೆಗಳನ್ನ ಮೊದಲೇ ಕದ್ದು, ಬದಲಾಯ್ಸಿ ವಾಪಸ್ ಇಟ್ಟಿದ್ರು. ವಾಷಿಂಗ್ಟನ್ ಟೀಮಿನ ಗುರುತಾದ ಹಸ್ಕಿ ನಾಯಿ ಮೂಡ್ಬೇಕಾದ ಕಡೆ ಕ್ಯಾಲ್‌ಟೆಕ್‌ನ ಗುರುತಾದ ಬೀವರ್ ಪ್ರಾಣಿ ಮೂಡ್ತು, ಮುಂದಿನ ಚಿತ್ರದಲ್ಲಿ ಹಸ್ಕೀಸ್ ಅನ್ನೋ ಹೆಸರು ಹಿಂದುಮುಂದಾಗಿ ಬಂತು, ಆಮೇಲಿನದ್ರಲ್ಲಿ ದೊಡ್ಡಕ್ಷರದಲ್ಲಿ ಕ್ಯಾಲ್‌ಟೆಕ್. ರಾಷ್ಟ್ರೀಯ ಟಿವಿಲಿ ಲೈವ್. 1984ರಲ್ಲಿ ಇನ್ನೊಂದು ತಂಡ ಸ್ಕೋರ್‌ಬೋರ್ಡ್‌ನ ಒಳಗೇ ಕೈ ಹಾಕಿ, ಯುಸಿಎಲ್‌ಎ ಮತ್ತು ಇಲಿನಾಯ್ ಆಡ್ತಿದ್ದ ಮ್ಯಾಚ್‌ನಲ್ಲಿ ಕ್ಯಾಲ್‌ಟೆಕ್ 38, ಎಂಐಟಿ 9 ಅಂತ ತೋರಿಸ್ಬಿಟ್ರು. ಮೈದಾನದಲ್ಲಿ ಗೆಲ್ಲೋಕಾಗದಿದ್ರೆ ಸ್ಕೋರ್‌ಬೋರ್ಡ್ ಇದೆಯಲ್ಲ.

ಸೋಲೋ ಟೀಮನ್ನ ಮುಚ್ಚಿದ ಉದಾಹರಣೆ ಬೇಕಂದ್ರೆ ಶಿಕಾಗೊ ಯೂನಿವರ್ಸಿಟಿ ಇದೆ. ಅದು ಕ್ಯಾಲ್‌ಟೆಕ್ ಥರ ಹುಟ್ಟಾ ಸೋಲೋ ಟೀಮಲ್ಲ, ಇವತ್ತಿನ ಬಿಗ್ ಟೆನ್ ಲೀಗನ್ನ ಕಟ್ಟಿದವರಲ್ಲಿ ಒಂದು. ಸ್ಟ್ಯಾಗ್ ಅನ್ನೋ ಕೋಚ್ ಅಲ್ಲಿ ನಲವತ್ತು ವರ್ಷ ಇದ್ದರು, 1935ರಲ್ಲಿ ಮೊಟ್ಟಮೊದಲ ಹೈಸ್‌ಮನ್ ಟ್ರೋಫಿ, ಅಂದ್ರೆ ಕಾಲೇಜ್ ಫುಟ್ಬಾಲಿನ ಅತ್ಯುತ್ತಮ ಆಟಗಾರನ ಪ್ರಶಸ್ತಿ, ಸಿಕ್ಕಿದ್ದು ಶಿಕಾಗೊದ ಹುಡುಗ ಜೇ ಬರ್ವಾಂಗರ್‌ಗೆ. ನಾಲ್ಕೇ ವರ್ಷದಲ್ಲಿ ಎಷ್ಟು ಇಳಿದು ಹೋಯ್ತು ಅಂದ್ರೆ 1939ರಲ್ಲಿ ಮಿಷಿಗನ್ ಮೇಲೆ 85-0 ಸೋಲು. ಪ್ರೆಸಿಡೆಂಟ್ ರಾಬರ್ಟ್ ಹಚಿನ್ಸ್ ಆ ವರ್ಷದ ಕೊನೆಗೆ ಫುಟ್ಬಾಲನ್ನೇ ಕಿತ್ತುಹಾಕಿದ್ರು, ಯೂನಿವರ್ಸಿಟಿ ಇರೋದು ಓದೋಕೆ ಅನ್ನೋದು ಅವರ ವಾದ. ಖಾಲಿ ಬಿದ್ದ ಆ ಸ್ಟೇಡಿಯಂನ ಸ್ಟ್ಯಾಂಡ್ ಕೆಳಗೇ 1942ರ ಡಿಸೆಂಬರ್‌ನಲ್ಲಿ ಫರ್ಮಿಯವರ ತಂಡ ಜಗತ್ತಿನ ಮೊದಲ ಅಣು ರಿಯಾಕ್ಟರ್ ನಡೆಸಿತು. ಹಚಿನ್ಸ್ ಬಗ್ಗೆ ಓದೋವಾಗ ನಂಗೂ ಮೊದಲು ಚಪ್ಪಾಳೆ ಹೊಡೆಯೋಣ ಅನ್ಸಿತ್ತು. ಆದ್ರೆ ಮುಂದೇನಾಯ್ತು? 60ರ ದಶಕದಲ್ಲಿ ಹುಡುಗರೇ ಸೇರ್ಕೊಂಡು ಮೊದಲು ಕ್ಲಬ್ ಆಗಿ ಆಡೋಕೆ ಶುರು ಮಾಡಿದ್ರು, 1969ರಲ್ಲಿ ಅದು ಮತ್ತೆ ವಾರ್ಸಿಟಿ ಆಯ್ತು, ಈಗ ಡಿವಿಷನ್ ತ್ರೀಲಿ ಸದ್ದಿಲ್ದೆ ಆಡ್ಕೊಂಡಿದೆ. ಆಟವನ್ನ ಮೇಲಿಂದ ಕಿತ್ತುಹಾಕಿದ್ರೂ ಕೆಳಗಿಂದ ಚಿಗುರ್ತು. ಹಚಿನ್ಸ್ ಬಿಟ್ಟಿದ್ದು ಗೆಲ್ಲೋ ಚಟವನ್ನ, ಜೊತೆಗೆ ಆಡೋ ಹುಡುಗರನ್ನೂ ಬಿಟ್ಟುಬಿಟ್ರು, ಎರಡೂ ಒಂದೇ ಅಲ್ಲ ಅನ್ನೋದು ಅವರಿಗೆ ಹೊಳೀಲಿಲ್ಲ ಅಂತ ನನ್ನ ಅನಿಸಿಕೆ.

ಕ್ಯಾಲ್‌ಟೆಕ್ ಇದರ ಉಲ್ಟಾ. ಅವರು ಗೆಲ್ಲೋ ಯೋಚನೆ ಬಿಟ್ಟು ಟೀಮ್ ಉಳಿಸ್ಕೊಂಡ್ರು. ಇದಕ್ಕೆ ಯಾರೂ ಭಾಷಣ ಮಾಡಿ ಸಿದ್ಧಾಂತ ಕಟ್ಟಿದಂಗೆ ಕಾಣಲ್ಲ, ಅದು ನಡ್ಕೊಂಡು ಬಂದ ಪದ್ಧತಿ. ಹಂಗೆ ಸೋಲ್ತಾ ಕೂತವರಲ್ಲಿ ಡೀನ್ ಆಲಿವರ್ ಅನ್ನೋ ಒಬ್ಬ ಇಂಜಿನಿಯರಿಂಗ್ ಹುಡುಗ ಇದ್ದ, 1990ರಲ್ಲಿ ಡಿಗ್ರಿ ಮುಗಿಸಿದವನು. ಬಾಸ್ಕೆಟ್‌ಬಾಲನ್ನ ಅಂಕಿಸಂಖ್ಯೆಲಿ ಬಿಡಿಸಿ ನೋಡೋ ಕೆಲಸಕ್ಕೆ ದಾರಿ ಹಾಕಿದವರಲ್ಲಿ ಅವನೂ ಒಬ್ಬ, ಆಮೇಲೆ ಎನ್‌ಬಿಎ ಅನ್ನೋ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್‌ನ ಟೀಮುಗಳೇ ಅವನನ್ನ ಕೆಲಸಕ್ಕೆ ಕರ್ಕೊಂಡ್ವು. ಗೆಲ್ಲೋ ಟೀಮಲ್ಲಿದ್ದಿದ್ರೆ ಈ ಪ್ರಶ್ನೆಗಳು ಹುಟ್ತಿದ್ವೋ ಇಲ್ವೋ. ಆದ್ರೆ ಅವನನ್ನ ಉದಾಹರಣೆ ಮಾಡಿ ಸೋಲು ಒಳ್ಳೇದು ಅನ್ನೋಕೆ ನಂಗೆ ಇಷ್ಟ ಇಲ್ಲ. ಸೋಲ್ತಾ ಕೂತ ಬಾಕಿ ನೂರಾರು ಹುಡುಗರಿಗೆ ಯಾವ ಎನ್‌ಬಿಎ ಕೆಲಸವೂ ಸಿಗ್ಲಿಲ್ಲ, ಅವರು ಆಡಿದ್ದು ಆಡೋಕೋಸ್ಕರ.

2008ರಲ್ಲಿ ಆಲಿವರ್ ಎಸ್ಲಿಂಗರ್ ಅನ್ನೋ ಹೊಸ ಕೋಚ್ ಬಂದರು. ಇವರು ಓದಿದ್ದು ಮನಶ್ಶಾಸ್ತ್ರದ ಕಡೆ, ಸೋತು ಸೋತು ಮರಗಟ್ಟಿದ ಟೀಮಿಗೆ ಅದೇ ಬೇಕಿತ್ತೋ ಏನೋ. ಆದ್ರೆ ನಿಜವಾದ ಬದಲಾವಣೆ ಆಗಿದ್ದು ಹುಡುಕಾಟದಲ್ಲಿ. ಚೆನ್ನಾಗಿ ಓದೋ, ಅದರ ಜೊತೆಗೆ ಹೈಸ್ಕೂಲಲ್ಲಿ ಬಾಸ್ಕೆಟ್‌ಬಾಲ್ ನಿಜವಾಗ್ಲೂ ಆಡಿರೋ ಹುಡುಗರನ್ನ ದೇಶದ ತುಂಬ ಹುಡ್ಕಿ, ಅರ್ಜಿ ಹಾಕಿ ಅಂತ ಬೆನ್ನು ಹತ್ತೋದು. ಸೀಟ್ ಕೊಡೋದು ಕೋಚ್ ಕೈಲಿಲ್ಲ, ಅರ್ಜಿ ಹಾಕ್ಸೋದು ಇದೆ. 2011ರ ಫೆಬ್ರವರಿ 22ರ ರಾತ್ರಿ ಸೀಸನ್ನಿನ ಕೊನೇ ಮ್ಯಾಚು, ಹೋಂ ಗ್ರೌಂಡಲ್ಲಿ, ಆಕ್ಸಿಡೆಂಟಲ್ ಮೇಲೆ. ಕೊನೆಗೆ ಸ್ಕೋರು ಸಮ ಆಗಿ, ಇನ್ನು 3.3 ಸೆಕೆಂಡ್ ಇರುವಾಗ ರಾಯನ್ ಎಲ್ಮ್‌ಕ್ವಿಸ್ಟ್ ಅನ್ನೋ ಕೊನೇ ವರ್ಷದ ಹುಡುಗ ಒಂದು ಫ್ರೀ ಥ್ರೋ ಹಾಕ್ದ. 46-45. ಜನ ಅಂಗಳಕ್ಕೆ ನುಗ್ಗಿದ್ರು. ಅಷ್ಟೊತ್ತಿಗೆ ಅದು ದೇಶಕ್ಕೇ ಸುದ್ದಿ ಆಗಿತ್ತು, ಲೀಗ್ ಟೇಬಲ್‌ನಲ್ಲಿ ಕೊನೇ ಸ್ಥಾನದ ಟೀಮು ಒಂದು ಪಾಯಿಂಟ್‌ನಲ್ಲಿ ಗೆದ್ದಿದ್ದಕ್ಕೆ!

ನನ್ನ ತಲೆಗೆ ಹುಳ ಬಿಟ್ಟಿದ್ದು ಇದರ ನಂತರದ ಭಾಗ. ಗೆಲ್ಲೋ ಟೀಮ್ ಆಗ್ಬೇಕು ಅಂತ ಹುಡ್ಕಿ ತಂದ ಆಟಗಾರರು ಬಂದ ಮೇಲೆ, ಹೈಸ್ಕೂಲಲ್ಲಿ ಚೆಂಡು ಮುಟ್ಟದವನು ಬಂದು ನಂಗೂ ಆಡ್ಬೇಕು ಸರ್ ಅಂದ್ರೆ ಏನ್ ಮಾಡೋದು? ಬೆಂಚಿನ ತುದೀಲೂ ಜಾಗ ಇರಲ್ಲ. ಅಂದ್ರೆ ಆ ಇಪ್ಪತ್ತಾರು ವರ್ಷದ ಸೋಲು ಬಾಗಿಲು ತೆರೆದಿಟ್ಟಿದ್ದಕ್ಕೆ ಕೊಟ್ಟ ಬಾಡಿಗೆ. ಬಾಗಿಲು ಹಾಕಿದ್ರು, ಬಾಡಿಗೆ ನಿಂತ್ತು. ಇದನ್ನ ಯಾರೂ ಹೀಗೆ ಹೇಳಲ್ಲ, ಎಲ್ಲಾ ಕಡೆ ಕಥೆ ಫ್ರೀ ಥ್ರೋ ಒಳಗೆ ಬಿದ್ದಲ್ಲಿಗೆ ಮುಗಿಯುತ್ತೆ. ನಂಗೆ ಎಲ್ಮ್‌ಕ್ವಿಸ್ಟ್ ಮೇಲೆ ಬೇಜಾರೇನಿಲ್ಲ, ಪಾಪ ಅವನೂ ಅಲ್ಲಿ ತನಕ ಲೀಗಲ್ಲಿ ಸೋತೇ ಬಂದವನು. ಆದ್ರೂ ಯಾವ ಗೆಲುವಿನ ಹಿಂದೆಯೂ ಆಡೋಕೆ ಸಿಗದೇ ಹೋದವನೊಬ್ಬ ಇರ್ತಾನೆ, ಅವನ ಹೆಸರು ಪೇಪರಲ್ಲಿ ಬರಲ್ಲ.

ನಡುವೆ ಒಂದು ತಮಾಷೆ ಹೇಳ್ಲೇಬೇಕು. 2012ರಲ್ಲಿ ಎನ್‌ಸಿಎಎ ಕ್ಯಾಲ್‌ಟೆಕ್‌ಗೆ ಶಿಕ್ಷೆ ಕೊಡ್ತು. ಏನ್ ತಪ್ಪು ಅಂತೀರಿ? ಆಟಗಾರರಿಗೆ ಕದ್ದುಮುಚ್ಚಿ ಕಾರು ಕೊಡ್ಸಿದ್ದಲ್ಲ, ಪಾಸ್ ಮಾಡ್ಸಿದ್ದಲ್ಲ. ಕ್ಯಾಲ್‌ಟೆಕ್‌ನಲ್ಲಿ ಟರ್ಮ್ ಶುರುವಿನ ಮೂರು ವಾರ ಯಾವ ಕ್ಲಾಸಲ್ಲಿ ಬೇಕಾದ್ರೂ ಹೋಗಿ ಕೂತು ನೋಡಿ, ಇಷ್ಟ ಆದ್ರೆ ಆಮೇಲೆ ರಿಜಿಸ್ಟರ್ ಮಾಡ್ಸೋ ಪದ್ಧತಿ ಇತ್ತು. ಹಂಗಾಗಿ ಆ ಮೂರು ವಾರ ಕೆಲವು ಆಟಗಾರರು ಕಾಗದದ ಮೇಲೆ ಪೂರ್ತಿ ವಿದ್ಯಾರ್ಥಿಗಳೇ ಅಲ್ಲ, ಎನ್‌ಸಿಎಎ ರೂಲ್ ಪ್ರಕಾರ ಆಡಂಗಿಲ್ಲ. ಹನ್ನೆರಡು ಆಟಗಳಲ್ಲಿ ಮೂವತ್ತು ಜನ ಹಿಂಗೆ ಸಿಕ್ಕಿಬಿದ್ರು, ಅದನ್ನ ಕಂಡುಹಿಡಿದು ಹೇಳಿದ್ದೂ ಕ್ಯಾಲ್‌ಟೆಕ್ಕೇ. ಮೂರು ವರ್ಷ ಪ್ರೊಬೇಷನ್, ಐದು ಸಾವಿರ ಡಾಲರ್ ದಂಡ, ಒಂದು ವರ್ಷ ಪೋಸ್ಟ್ ಸೀಸನ್‌ಗೆ, ಅಂದ್ರೆ ಸೀಸನ್ ಮುಗಿದ್ಮೇಲೆ ನಡೆಯೋ ಟೂರ್ನಿಗಳಿಗೆ, ನಿಷೇಧ, ಅದರ ಜೊತೆಗೆ ಅವರು ಆಡಿ ಗೆದ್ದ ಮ್ಯಾಚುಗಳು ರದ್ದು. ಗೆದ್ದ ಮ್ಯಾಚು! ಹುಡುಕ್ಬೇಕಿತ್ತು ಅವನ್ನ ದುರ್ಬೀನು ಹಾಕ್ಕೊಂಡು.

ಇಲ್ಲಿನ ನಮ್ಮ ಜನರ ವಿಷಯಕ್ಕೆ ಬರ್ತೀನಿ. ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋದ್ರೆ ಒಬ್ಬಟ್ಟು ಬಡಿಸೋಷ್ಟರಲ್ಲಿ ಮಾತು ಕಾಲೇಜ್ ಅಡ್ಮಿಷನ್‌ಗೆ ತಿರುಗಿರುತ್ತೆ. ಸ್ಕಾಲರ್‌ಶಿಪ್ ಇಲ್ಲದಿದ್ರೂ ಡಿವಿಷನ್ ತ್ರೀಯ ಹೆಸರುವಾಸಿ ಕಾಲೇಜುಗಳಲ್ಲಿ ಕೋಚ್ ಒಂದು ಮಾತು ಹೇಳಿದ್ರೆ ಅಡ್ಮಿಷನ್‌ಗೆ ಅನುಕೂಲ ಆಗೋ ಕಡೆಗಳಿವೆ, ಅದು ಎಲ್ಲಾ ಅಪ್ಪ ಅಮ್ಮಂದಿರಿಗೂ ಗೊತ್ತು. ಅದಕ್ಕೆ ಮಕ್ಕಳನ್ನ ಎಂಟನೇ ವಯಸ್ಸಿಗೇ ಫೆನ್ಸಿಂಗು, ಸ್ಕ್ವಾಷು ಅಂತ ಹಾಕ್ತಾರೆ, ಜನ ಕಮ್ಮಿ ಆಡೋ ಆಟ, ಬೇಗ ಕಣ್ಣಿಗೆ ಬೀಳ್ಬೋದು ಅಂತ ಲೆಕ್ಕ. ಮೊನ್ನೆ ಪರಿಚಯದ ಒಬ್ಬರು ಕೇಳಿದ್ರು, "ನಿಮ್ಮ ಮಗಳು ಯಾವ ಆಟ ರೀ?" "ಕ್ರಾಸ್ ಕಂಟ್ರಿ." "ಟೈಮಿಂಗ್ ಎಷ್ಟಿದೆ?" ಹೇಳ್ದೆ. ಆ ಮೇಡಂ ಮುಖ ಸ್ವಲ್ಪ ಬಾಡ್ತು, "ಹೋಗ್ಲಿ ಬಿಡಿ, ಆರೋಗ್ಯಕ್ಕೆ ಒಳ್ಳೇದು" ಅಂದ್ರು. ಸಮಾಧಾನ ಮಾಡೋ ಥರ! ಅವರ ಮಗ ಫೆನ್ಸಿಂಗ್ ಕತ್ತಿ ಮೂಲೆಗಿಟ್ಟು ವರ್ಷ ಆಯ್ತು ಅಂತ ಇನ್ಯಾರೋ ಹೇಳಿದ್ರು, ಸೀಟ್ ಸಿಕ್ತಂತೆ, ಕೆಲಸ ಮುಗೀತು.

ನಗೋ ಹಾಗೂ ಇಲ್ಲ, ನಮ್ಮೂರಲ್ಲೂ ಆಟ ಅಂದ್ರೆ ಒಂದು ಏಣಿನೇ. ಸ್ಪೋರ್ಟ್ಸ್ ಕೋಟಾ, ರೈಲ್ವೇ ಕೆಲಸ, ಪೊಲೀಸ್ ಭರ್ತಿ. ಬಡವರ ಮನೆ ಮಕ್ಕಳಿಗೆ ಅದು ನಿಜವಾದ ಏಣಿ, ಅದರ ಬಗ್ಗೆ ಒಂದು ಮಾತೂ ಕೆಟ್ಟದ್ದಾಡಲ್ಲ. ಮೂಡುಬಿದಿರೆಯ ಆಳ್ವಾಸ್‌ನವರು ಹಳ್ಳಿ ಹಳ್ಳಿಯಿಂದ ಓಟಗಾರರನ್ನ ದತ್ತು ತಗೊಂಡು ಊಟ, ವಸತಿ, ಓದು ಎಲ್ಲಾ ಕೊಟ್ಟು ಬೆಳೆಸ್ತಾರೆ, ಯೂನಿವರ್ಸಿಟಿ ಅಥ್ಲೆಟಿಕ್ಸ್ ಮೀಟ್‌ನಲ್ಲಿ ಅವರ ಮಕ್ಕಳದ್ದೇ ಜೋರು. 2022ರಲ್ಲಿ ಬೆಂಗಳೂರಲ್ಲಿ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಆದಾಗ ಆತಿಥ್ಯ ವಹಿಸಿದ್ದ ಜೈನ್ ಯೂನಿವರ್ಸಿಟಿಯೇ ಪದಕ ಪಟ್ಟಿಲಿ ಮೊದಲು ಬಂತು, ಈಜುಗಾರ ಶ್ರೀಹರಿ ನಟರಾಜ್ ಅಲ್ಲಿಯವರೇ. ಇವೆಲ್ಲ ಮೇಲಿನ ಸಾಲು. ನಾನು ಕೇಳ್ತಿರೋದು ಕೆಳಗಿನವರ ಬಗ್ಗೆ, ಚೆನ್ನಾಗಿ ಆಡಲ್ಲ ಆದ್ರೆ ಆಡ್ಬೇಕು ಅನ್ನೋರ ಬಗ್ಗೆ.

ನಾನೇ ಅಂಥವಳು. ಇಂಜಿನಿಯರಿಂಗ್ ಓದುವಾಗ ಥ್ರೋಬಾಲ್ ಆಡ್ತಿದ್ದೆ. ನಮ್ಮ ಕಾಲೇಜಲ್ಲಿ ಸ್ಪೋರ್ಟ್ಸ್ ರೂಮಿಗೆ ದೊಡ್ಡ ಬೀಗ, ಕೀ ಪಿ.ಇ. ಸರ್ ಜೇಬಲ್ಲಿ, ಸರ್ ಯಾವಾಗ್ಲೂ ಪರೀಕ್ಷೆ ಡ್ಯೂಟೀಲಿ. ಇಂಟರ್ ಕಾಲೇಜಿಯೇಟ್‌ಗೆ ಹತ್ತು ದಿನ ಇದೆ ಅನ್ನುವಾಗ ಬೀಗ ತೆಗೆದು, ಸೆಲೆಕ್ಷನ್ ಅಂತ ಒಂದು ಮಧ್ಯಾಹ್ನ ನಡ್ಸಿ ಹನ್ನೆರಡು ಜನರನ್ನ ಆರ್ಸಿ, ಮಿಕ್ಕವರಿಗೆ "ನೀವು ಕ್ಲಾಸಿಗೆ ಹೋಗ್ರಮ್ಮ" ಅನ್ನೋರು. ಒಂದು ಮ್ಯಾಚ್ ಸೋತ್ರೆ ಟೀಮ್ ವಾಪಸ್, ರೂಮಿಗೆ ಮತ್ತೆ ಬೀಗ, ಮುಂದಿನ ವರ್ಷದ ತನಕ. ಸೆಲೆಕ್ಟ್ ಆದವರು ಅಟೆಂಡೆನ್ಸ್‌ಗೆ ಸೈನ್ ಹಾಕ್ಸೋಕೆ ಅಲೆದಿದ್ದೇ ಆಡಿದ್ದಕ್ಕಿಂತ ಜಾಸ್ತಿ. ನಾವು ಮಿಕ್ಕವರು ಹಾಸ್ಟೆಲ್ ಹಿಂದೆ ಬಟ್ಟೆ ಒಣಗ್ಸೋ ಹಗ್ಗಾನೇ ನೆಟ್ ಮಾಡ್ಕೊಂಡು ಆಡ್ತಿದ್ವಿ, ಚೆಂಡು ಮಾತ್ರ ಎಲ್ಲರೂ ದುಡ್ಡು ಹಾಕಿ ತಂದಿದ್ದು. ಅದನ್ನೇ ಇಲ್ಲಿ ಕ್ಲಬ್ ಸ್ಪೋರ್ಟ್ ಅಂತಾರೆ, ನಮಗೆ ಅವತ್ತು ವಾರ್ಡನ್ ಬೈಗುಳ ಬಿಟ್ರೆ ಬೇರೆ ಹೆಸರೇನೂ ಸಿಗ್ಲಿಲ್ಲ.

ಹಂಗಾಗಿ ಕ್ಯಾಲ್‌ಟೆಕ್‌ನಲ್ಲಿ ನಂಗೆ ವಾರ್ಸಿಟಿಗಿಂತ ಹಿಡಿಸಿದ್ದು ಅದರ ಕೆಳಗಿನ ಪದರ. ಅಲ್ಲಿ ಹಾಸ್ಟೆಲ್‌ಗಳಿಗೆ ಹೌಸ್ ಅಂತಾರೆ, ಬ್ಲ್ಯಾಕರ್, ಡ್ಯಾಬ್ನಿ, ಫ್ಲೆಮಿಂಗ್, ಲಾಯ್ಡ್ ಹಿಂಗೆ. ಆ 1961ರ ಕಾರ್ಡ್ ಕಿತಾಪತಿ ಮಾಡಿದ್ದು ಲಾಯ್ಡ್ ಹುಡುಗರೇ. ಹೌಸ್‌ಗಳ ನಡುವೆ ವರ್ಷ ಪೂರ್ತಿ ಒಂದಿಲ್ಲೊಂದು ಆಟ ನಡೀತಾನೇ ಇರುತ್ತೆ, ಡಿಸ್ಕೊಬೊಲಸ್ ಅಂತ ಒಂದು ಟ್ರೋಫಿ ಇದೆ, ಒಂದು ಹೌಸ್ ಇನ್ನೊಂದಕ್ಕೆ ಸವಾಲ್ ಹಾಕಿ ಆಡಿ ಕಿತ್ಕೊಳ್ಳೋದು. ಕ್ಲಬ್‌ಗಳಲ್ಲಿ ಪಿಎಚ್‌ಡಿ ಮಾಡೋರೂ ಸೇರ್ಕೋಬೋದು, ವಾರ್ಸಿಟಿಲಿ ಅವರಿಗೆ ಜಾಗ ಅಪರೂಪ. ಧವನ್ 1951ರಲ್ಲಿ, ಆಮೇಲೆ ನಮ್ಮ ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ 1961ರಲ್ಲಿ, ಇಬ್ಬರೂ ಲೀಪ್‌ಮನ್ ಅನ್ನೋ ಒಬ್ಬರೇ ಮೇಷ್ಟ್ರ ಹತ್ರ ಇಲ್ಲಿ ಪಿಎಚ್‌ಡಿ ಮುಗಿಸಿದ್ರು. ಅವರು ಇಲ್ಲಿ ಏನಾದ್ರೂ ಆಡ್ತಿದ್ರಾ ಅಂತ ಒಮ್ಮೊಮ್ಮೆ ಯೋಚನೆ ಬರುತ್ತೆ. ಇಬ್ಬರೂ ವಾಪಸ್ ಬಂದು ದುಡಿದ ಟಾಟಾ ಇನ್ಸ್ಟಿಟ್ಯೂಟಲ್ಲಿ, ಅಂದ್ರೆ ಐಐಎಸ್ಸಿಲಿ, ಈಗ್ಲೂ ವಿದ್ಯಾರ್ಥಿಗಳ ಜಿಮ್‌ಖಾನಾ ಇದೆ, ಸಂಜೆ ಸಂಶೋಧಕರು ಬ್ಯಾಟ್ ಹಿಡ್ಕೊಂಡು ಬರೋ ಜಾಗ, ಅಲ್ಲಿ ಟೈಮಿಂಗ್ ಎಷ್ಟು ಅಂತ ಯಾರೂ ಕೇಳಲ್ಲ.

ಹೋದ ಚಳಿಗಾಲ ಮಗಳನ್ನ ಕರ್ಕೊಂಡು ಕ್ಯಾಲ್‌ಟೆಕ್‌ನ ಒಂದು ಬಾಸ್ಕೆಟ್‌ಬಾಲ್ ಮ್ಯಾಚ್ ನೋಡೋಕೆ ಹೋಗಿದ್ದೆ. ಬಾಗಿಲಲ್ಲಿ ಯಾರೂ ಟಿಕೆಟ್ ಕೇಳ್ಲಿಲ್ಲ. ಜಿಮ್ ಅರ್ಧ ಖಾಲಿ, ಆಟ ಮಾತ್ರ ಜೋರಾಗಿತ್ತು, ಈಗಿನ ಹುಡುಗರು ನಿಜವಾಗ್ಲೂ ಚೆನ್ನಾಗಿ ಆಡ್ತಾರೆ, ನೋಡಿದ್ರೆ ಹಳೇ ಕಥೆ ಸುಳ್ಳೇನೋ ಅನ್ಸುತ್ತೆ. ಸ್ಟ್ಯಾಂಡಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪ್ ಬಿಚ್ಕೊಂಡು ಏನೋ ಸಮೀಕರಣ ಬಿಡಿಸ್ತಾ, ಬಾಸ್ಕೆಟ್ ಬಿದ್ದಾಗೆಲ್ಲ ತಲೆ ಎತ್ತಿ ಕೂಗಿ ಮತ್ತೆ ತಲೆ ತಗ್ಗಿಸ್ತಿದ್ದ. ಬೆಂಚಿನ ಕೊನೇಲಿ ಕೂತಿದ್ದ ಒಬ್ಬ ಹುಡುಗನಿಗೆ ಕೊನೇ ನಿಮಿಷದಲ್ಲೂ ಕರೆ ಬರ್ಲಿಲ್ಲ. ನನ್ನ ಕಣ್ಣು ಅವನ ಮೇಲೇ ಇತ್ತು, ಮಗಳ ಕಣ್ಣು ಪಾಪ್‌ಕಾರ್ನ್ ಎಲ್ಲಿ ಸಿಗುತ್ತೆ ಅನ್ನೋದ್ರ ಮೇಲೆ.

ಅವಳು ತಾನಾಗೇ ಎರಡು ಮೂರು ಚಿಕ್ಕ ಕಾಲೇಜುಗಳ ಕ್ರಾಸ್ ಕಂಟ್ರಿ ಕೋಚ್‌ಗಳಿಗೆ ಇಮೇಲ್ ಹಾಕಿದ್ಲು. ಒಬ್ಬರು ಉತ್ತರಾನೇ ಕೊಡ್ಲಿಲ್ಲ. ಇನ್ನೊಬ್ಬರು ಬಹಳ ಮರ್ಯಾದೆಯಿಂದ, ನಿನ್ನ ಟೈಮಿಂಗ್ ನಮ್ಮ ಟೀಮಿಗೆ ಸ್ವಲ್ಪ ದೂರ ಇದೆ, ಆದ್ರೆ ನಮ್ಮಲ್ಲಿ ರನ್ನಿಂಗ್ ಕ್ಲಬ್ ಚೆನ್ನಾಗಿದೆ, ಅದರ ಕ್ಯಾಪ್ಟನ್ ನಂಬರ್ ಇದು ಅಂತ ಬರೆದಿದ್ರು. ನಂಗೆ ಓದಿ ಹೊಟ್ಟೆ ಚುರ್ ಅಂತು, ಅವಳು ಆರಾಮಾಗಿದ್ಲು. ಆ ಕ್ಯಾಪ್ಟನ್ ಹುಡುಗಿ ಜೊತೆ ಫೋನಲ್ಲಿ ಒಂದು ಗಂಟೆ ಮಾತಾಡಿದ್ಲು, ಎಷ್ಟು ಜನ ಇದ್ದಾರೆ, ಬೆಳಗ್ಗೆ ಎಷ್ಟೊತ್ತಿಗೆ ಓಡ್ತಾರೆ, ಚಂದಾ ಎಷ್ಟು. ಕ್ಲಬ್ಬಿಗೆ ಯೂನಿವರ್ಸಿಟಿ ಬಸ್ ಕೊಡಲ್ಲ, ರೇಸ್ ಇದ್ದಾಗ ಕಾರ್ ಓಡ್ಸೋಕೆ ಬರೋರ್ದು ಯಾವಾಗ್ಲೂ ಕೊರತೆ ಅಂತ ಅವಳು ಹೇಳಿದ್ಳಂತೆ. ಅವತ್ತಿಂದ ನಮ್ಮ ಮಗಳು ಡ್ರೈವಿಂ‌ಗ್ ಕಲಿಸಪ್ಪ ಅಂತ ಅವರಪ್ಪನ ಬೆನ್ನು ಬಿದ್ದಿದಾಳೆ, ಇವರು ಭಾನುವಾರ ಬಂದ್ರೆ ಸಾಕು ಏನಾದ್ರೂ ನೆಪ ಹೇಳ್ಕೊಂಡು ತಪ್ಪಿಸ್ಕೊಳ್ತಿದಾರೆ.